ಪೇಸ್‌ಮೇಕರ್ ಮೇಲಿನ ಚರ್ಮ ಸ್ವಲ್ಪ ಕೆಂಪಾಗಿದೆ, ಜ್ವರವಿಲ್ಲ: ಇಡೀ ಸಾಧನವನ್ನೇ ತೆಗೆಯಬೇಕೇ?

ಪ್ರಶ್ನೆ: ನನ್ನ ತಂದೆಗೆ 71 ವರ್ಷ, ಮಧುಮೇಹವಿದೆ. ಹೃದಯ ಬಡಿತ ತೀರಾ ನಿಧಾನವಾಗಿ ತಲೆಸುತ್ತಿ ಬೀಳುತ್ತಿದ್ದುದರಿಂದ ಒಂಬತ್ತು ವರ್ಷಗಳ ಹಿಂದೆ ಎರಡು ತಂತಿಗಳ ಪೇಸ್‌ಮೇಕರ್ ಅಳವಡಿಸಿದ್ದರು. ಬ್ಯಾಟರಿ ಮುಗಿಯುತ್ತ ಬಂದದ್ದರಿಂದ ಐದು ತಿಂಗಳ ಹಿಂದೆ ಹಳೆಯ ತಂತಿಗಳನ್ನು ಉಳಿಸಿಕೊಂಡು ಪೆಟ್ಟಿಗೆಯನ್ನು ಮಾತ್ರ ಬದಲಿಸಿದರು. ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಬದಲಿಸಿದ ಮಾರನೆಯ ದಿನ ಆ ಜಾಗ ಊದಿ ನೀಲಿಗಟ್ಟಿತ್ತು, ಎರಡು ವಾರಗಳಲ್ಲಿ ಇಳಿಯಿತು. ಈಗ ಆರು ವಾರಗಳಿಂದ ಪೆಟ್ಟಿಗೆಯ ಒಂದು ಮೂಲೆಯ ಮೇಲೆ ಚರ್ಮ ಕೆಂಪಾಗಿ, ಸಣ್ಣ ಹಕ್ಕಳೆ ಕಟ್ಟಿ, ಆಗಾಗ ಒಂದು ಹನಿ ನೀರಿನಂಥ ದ್ರವ ಬರುತ್ತಿದೆ. ಜ್ವರ ಬಂದಿಲ್ಲ, ರಕ್ತಪರೀಕ್ಷೆಯೂ ಸರಿಯಾಗಿದೆ. ಎರಡು ಬಾರಿ ಆ್ಯಂಟಿಬಯೋಟಿಕ್ ಮಾತ್ರೆ ಕೊಟ್ಟರು. ಎರಡೂ ಬಾರಿ ಕಡಿಮೆಯಾಗಿ ಮತ್ತೆ ಮರುಕಳಿಸಿತು. ಈಗ ಹೃದ್ರೋಗ ತಜ್ಞರು ಪೆಟ್ಟಿಗೆಯನ್ನೂ ಹೃದಯದೊಳಗಿನ ತಂತಿಗಳನ್ನೂ ಪೂರ್ತಿ ತೆಗೆಯಬೇಕು ಎನ್ನುತ್ತಿದ್ದಾರೆ. ಚರ್ಮದ ತೊಂದರೆಗೆ ಇಷ್ಟು ದೊಡ್ಡ ಚಿಕಿತ್ಸೆ ಬೇಕೇ? ಇನ್ನೂ ಹೆಚ್ಚು ದಿನ ಔಷಧ ಕೊಟ್ಟು, ಅಥವಾ ಆ ಜಾಗವನ್ನು ಮಾತ್ರ ಶುಚಿಗೊಳಿಸಿ ಉಳಿಸಿಕೊಳ್ಳಲಾಗದೇ? ದೇಹವು ಲೋಹವನ್ನು ಒಪ್ಪುತ್ತಿಲ್ಲ ಎಂದು ಬಂಧುಗಳು ಹೇಳುತ್ತಾರೆ, ಅದು ನಿಜವೇ? ಎರಡು ತಿಂಗಳ ಹಿಂದೆ ಅವರಿಗೆ ಹಲ್ಲು ಕೀಳಿಸಿದ್ದೆವು, ಇನ್ನೊಂದನ್ನೂ ಕೀಳಬೇಕಾಗಿದೆ. ಸೋಂಕು ಅಲ್ಲಿಂದ ಬಂತೇ? ನಮ್ಮ ಆರೈಕೆಯಲ್ಲಿ ಏನಾದರೂ ತಪ್ಪಿತೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವಾದರೂ ಅವುಗಳ ಹಿಂದಿರುವ ಆತಂಕ ಒಂದೇ. ಹೊರಗೆ ಕಾಣುತ್ತಿರುವುದು ಬೆರಳ ತುದಿಯಷ್ಟು ಕೆಂಪು, ಅದಕ್ಕೆ ಸೂಚಿಸಿರುವ ಚಿಕಿತ್ಸೆಯೋ ಒಂಬತ್ತು ವರ್ಷಗಳಿಂದ ಹೃದಯದೊಳಗಿರುವ ತಂತಿಗಳನ್ನು ಹೊರತೆಗೆಯುವಂಥದ್ದು. ಈ ಎರಡರ ನಡುವೆ ತಾಳೆಯಾಗುತ್ತಿಲ್ಲ ಎಂದು ಅನಿಸುವುದು ಸಹಜ. ಹೃದಯದ ಸಾಧನಗಳಲ್ಲಿ ಸೋಂಕಾದ ರೋಗಿಗಳ ಕುಟುಂಬದವರೊಂದಿಗೆ ನಾನು ಅತಿ ಹೆಚ್ಚು ಹೊತ್ತು ಮಾತನಾಡಬೇಕಾಗಿ ಬರುವುದೂ ಈ ಒಂದು ವಿಷಯದ ಬಗ್ಗೆಯೇ. ನಿಮ್ಮ ತಂದೆಯವರನ್ನು ನಾನು ಪರೀಕ್ಷಿಸಿಲ್ಲ, ಆದ್ದರಿಂದ ಅವರನ್ನು ಕಣ್ಣಾರೆ ಕಂಡಿರುವ ವೈದ್ಯರ ಮಾತಿಗೇ ಹೆಚ್ಚು ತೂಕವಿರಬೇಕು. ಆದರೆ ನೀವು ಬರೆದಿರುವಷ್ಟು ವಿವರದಲ್ಲಿಯೇ ಅವರ ಸಲಹೆ ಏಕೆ ಸರಿ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಇನ್ನಷ್ಟು ದಿನ ಕಾದು ನೋಡುವುದು ಏಕೆ ಬೇಡ ಎಂಬುದನ್ನೂ ಅದೇ ವಿವರ ತಿಳಿಸುತ್ತದೆ.

ಮೊದಲಿಗೆ ಅಲ್ಲಿ ನಡೆಯುತ್ತಿರುವುದು ಏನು ಎಂದು ನೋಡೋಣ. ಪೇಸ್‌ಮೇಕರಿನ ಪೆಟ್ಟಿಗೆ ಕೂರುವ ಚರ್ಮದಡಿಯ ಜಾಗವನ್ನು ನಾವು ಪಾಕೆಟ್ ಎನ್ನುತ್ತೇವೆ. ಅಲ್ಲಿಂದ ಹೊರಟ ತಂತಿಗಳು, ಅಂದರೆ ಲೀಡ್‌ಗಳು, ಎದೆಯ ಮೇಲ್ಭಾಗದ ದೊಡ್ಡ ರಕ್ತನಾಳವನ್ನು ಹೊಕ್ಕು ಹೃದಯದ ಬಲಭಾಗದ ಕೋಣೆಗಳನ್ನು ತಲುಪುತ್ತವೆ. ಹೊರಗಿನಿಂದ ನೋಡುವ ನಮಗೆ ಪೆಟ್ಟಿಗೆ ಬೇರೆ, ಹೃದಯ ಬೇರೆ. ಪಾಕೆಟ್ಟಿನಲ್ಲಿ ನೆಲೆಯೂರಿದ ಬ್ಯಾಕ್ಟೀರಿಯಾಗಳಿಗೆ ಅಂಥ ಗಡಿ ಯಾವುದೂ ಇಲ್ಲ. ತಂತಿಯ ಹೊರಮೈಯ ಉದ್ದಕ್ಕೂ ಹಬ್ಬುತ್ತ ಹೋದರೆ ಅವು ತಲುಪುವುದು ನೇರವಾಗಿ ರಕ್ತಪ್ರವಾಹವನ್ನು, ಅಲ್ಲಿಂದ ಹೃದಯದ ಬಲಭಾಗದ ಕವಾಟವನ್ನು. ಚರ್ಮದ ಮೇಲಿನ ಕೆಂಪು ಆ ದಾರಿಯ ಹೊರಬಾಗಿಲಲ್ಲಿ ಕಾಣುವ ಗುರುತು ಮಾತ್ರ. ಹಾಗಾಗಿ ಇದನ್ನು ಚರ್ಮದ ತೊಂದರೆ ಎಂದು ಕರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಇದು ಸಾಧನದ ಸೋಂಕು, ಚರ್ಮದಲ್ಲಿ ಕಾಣಿಸಿಕೊಂಡಿದೆ ಅಷ್ಟೆ.

ಇಂಥ ಸೋಂಕುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಸ್ಟೆಫೈಲೋಕಾಕಸ್ ಗುಂಪಿನ ಬ್ಯಾಕ್ಟೀರಿಯಾಗಳು. ಅವುಗಳಲ್ಲಿ ಹಲವು ನಮ್ಮೆಲ್ಲರ ಚರ್ಮದ ಮೇಲೆ ಸದಾ ಇರುವಂಥವು, ಅಲ್ಲಿರುವಷ್ಟು ಕಾಲ ಯಾವ ಕೇಡನ್ನೂ ಮಾಡದವು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಬೆರಳೆಣಿಕೆಯಷ್ಟು ಒಳಸೇರಿ ಲೋಹ ಅಥವಾ ಸಿಲಿಕೋನ್ ಮೇಲ್ಮೈಗೆ ಅಂಟಿಕೊಂಡರೆ ಅವುಗಳ ಸ್ವಭಾವವೇ ಬದಲಾಗುತ್ತದೆ. ತಮ್ಮ ಸುತ್ತ ಲೋಳೆಯಂಥ ಒಂದು ಪದರವನ್ನು ಹೆಣೆದುಕೊಳ್ಳುತ್ತವೆ, ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಬಂಡೆಗೆ ಹತ್ತಿದ ಪಾಚಿಯಂತೆ ಅದು ಮೇಲ್ಮೈಯನ್ನು ಬಿಗಿಯಾಗಿ ಹಿಡಿಯುತ್ತದೆ, ಮೇಲಿನಿಂದ ಎಷ್ಟು ನೀರು ಹರಿದರೂ ಬುಡ ಕೀಳುವುದಿಲ್ಲ. ಈ ಪದರದೊಳಗೆ ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ, ಅರೆನಿದ್ರೆಯಲ್ಲಿರುವಂತೆ ಬದುಕುತ್ತವೆ. ಆ್ಯಂಟಿಬಯೋಟಿಕ್‌ಗಳಲ್ಲಿ ಬಹುಪಾಲು ವೇಗವಾಗಿ ವಿಭಜಿಸುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲಲು ಹೊಂದಿಕೊಂಡವು. ನಿಧಾನಗತಿಯಲ್ಲಿರುವ ಇವುಗಳ ಮೇಲೆ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ, ಪದರದ ಒಳಗೆ ಇಳಿಯುವುದೂ ಕಷ್ಟ. ಲೋಹದ ಪೆಟ್ಟಿಗೆಗೆ ರಕ್ತನಾಳಗಳಿಲ್ಲ, ಆದ್ದರಿಂದ ದೇಹದ ರಕ್ಷಕ ಜೀವಕೋಶಗಳೂ ಔಷಧವೂ ಅದರ ಮೇಲ್ಮೈಯನ್ನು ಅಂಗಾಂಶಗಳನ್ನು ತಲುಪುವಷ್ಟು ಸುಲಭವಾಗಿ ತಲುಪುವುದಿಲ್ಲ.

ನಿಮ್ಮ ತಂದೆಯವರಿಗೆ ಎರಡು ಬಾರಿ ಆದದ್ದು ಇದರಿಂದ ವಿವರವಾಗುತ್ತದೆ. ಮಾತ್ರೆ ಕೊಟ್ಟಾಗ ಪದರದಿಂದ ಕಳಚಿ ಸುತ್ತಲಿನ ಅಂಗಾಂಶಕ್ಕೆ ಬಂದಿದ್ದ ಬ್ಯಾಕ್ಟೀರಿಯಾಗಳು ಸತ್ತವು. ಕೆಂಪು ಇಳಿಯಿತು, ದ್ರವ ನಿಂತಿತು, ಗುಣವಾಯಿತೆಂದು ಎಲ್ಲರಿಗೂ ಅನ್ನಿಸಿತು. ಮೇಲ್ಮೈಗೆ ಅಂಟಿಕೊಂಡಿದ್ದವು ಉಳಿದವು, ಮಾತ್ರೆ ನಿಂತ ಕೆಲವು ವಾರಗಳಲ್ಲಿ ಮತ್ತೆ ಹರಡಿದವು. ಔಷಧಕ್ಕೆ ತಗ್ಗಿ ಔಷಧ ನಿಂತೊಡನೆ ಮರುಕಳಿಸುವ ಈ ಓಟವೇ ಸಾಧನಕ್ಕೆ ಸೋಂಕು ತಗುಲಿದೆ ಎಂಬುದರ ಬಲವಾದ ಸೂಚನೆ. ಮೂರನೆಯ, ನಾಲ್ಕನೆಯ ಸುತ್ತು ಮಾತ್ರೆ ಕೊಟ್ಟರೆ ಫಲಿತಾಂಶ ಬೇರೆಯಾಗುವುದಿಲ್ಲ. ಔಷಧಕ್ಕೆ ಬಗ್ಗದ ತಳಿಗಳು ಉಳಿದುಕೊಳ್ಳುವ ಸಾಧ್ಯತೆ ಮಾತ್ರ ಪ್ರತಿ ಸುತ್ತಿಗೂ ಹೆಚ್ಚುತ್ತದೆ.

ಜ್ವರವಿಲ್ಲ, ರಕ್ತಪರೀಕ್ಷೆ ಸರಿಯಾಗಿದೆ ಎಂಬುದು ಸಮಾಧಾನದ ವಿಷಯವೇ, ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ಪಾಕೆಟ್ಟಿಗೆ ಸೀಮಿತವಾದ ಸೋಂಕಿನಲ್ಲಿ ಅನೇಕರಿಗೆ ಜ್ವರ ಬರುವುದೇ ಇಲ್ಲ, ಬಿಳಿರಕ್ತಕಣಗಳ ಎಣಿಕೆ ಮತ್ತು ಉರಿಯೂತದ ಸೂಚಕಗಳು ಸಹಜ ಮಟ್ಟದಲ್ಲಿಯೇ ಇರಬಹುದು. ಅವು ಸಹಜವಾಗಿವೆ ಎಂದ ಮಾತ್ರಕ್ಕೆ ಸೋಂಕಿಲ್ಲ ಎನ್ನಲಾಗದು. ಬಹುಶಃ ಅದು ಇನ್ನೂ ರಕ್ತಕ್ಕೆ ಹರಡಿಲ್ಲ ಎಂದಷ್ಟೇ ಹೇಳಬಹುದು. ಹಾಗೆ ಹರಡುವ ಮೊದಲೇ ಸಾಧನವನ್ನು ತೆಗೆಯುವ ಅವಕಾಶ ನಿಮಗಿದೆ ಎಂಬ ಅರ್ಥದಲ್ಲಿ ಮಾತ್ರ ಇದು ಒಳ್ಳೆಯ ಸುದ್ದಿ. ಹಕ್ಕಳೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಅಥವಾ ತಂತಿಯ ಯಾವುದೇ ಭಾಗ ಚರ್ಮವನ್ನು ಸವೆಸಿ ಹೊರಗೆ ಕಂಡರೆ, ಅದು ಮೊದಲು ಸವೆದು ಆಮೇಲೆ ಸೋಂಕಾಯಿತೋ, ಸೋಂಕಾಗಿ ಸವೆಯಿತೋ ಎಂಬ ಚರ್ಚೆಗೆ ಅರ್ಥವಿಲ್ಲ. ಆ ಕ್ಷಣದಿಂದ ಇಡೀ ಸಾಧನ ಸೋಂಕಿತವೆಂದೇ ಲೆಕ್ಕ. ನಿಮ್ಮ ವಿವರಣೆಯಲ್ಲಿ ಮೂಲೆಯ ಮೇಲೆಯೇ ಹಕ್ಕಳೆ, ಅದರಿಂದ ದ್ರವ ಎಂದಿರುವುದು ಆ ಹಂತಕ್ಕೆ ಬಹಳ ಹತ್ತಿರವಿದೆ.

ಒಂದು ಭೇದವನ್ನು ಮಾತ್ರ ಗಮನಿಸಬೇಕು, ಏಕೆಂದರೆ ಎಲ್ಲ ಕೆಂಪೂ ಸಾಧನದ ಸೋಂಕಲ್ಲ. ಶಸ್ತ್ರಚಿಕಿತ್ಸೆಯಾದ ಮೊದಲ ಕೆಲವು ವಾರಗಳಲ್ಲಿ ಹೊಲಿಗೆಯ ಗೆರೆಯ ಮೇಲಷ್ಟೇ ಕಾಣುವ ಸಣ್ಣ ಕೆಂಪು, ಹೊಲಿಗೆಯ ದಾರದ ಬಳಿ ಏಳುವ ಚಿಕ್ಕ ಕೀವುಗುಳ್ಳೆ, ಇವು ಚರ್ಮದ ಮೇಲ್ಪದರಕ್ಕೆ ಸೀಮಿತವಾಗಿದ್ದು ಒಳಗಿನ ಪಾಕೆಟ್ಟಿಗೆ ಸಂಬಂಧವಿಲ್ಲದಿರಬಹುದು. ಅಂಥವು ಒಂದು ವಾರದಿಂದ ಹತ್ತು ದಿನಗಳ ಮಾತ್ರೆಯಲ್ಲಿ ವಾಸಿಯಾಗುತ್ತವೆ, ಸಾಧನವನ್ನು ಮುಟ್ಟಬೇಕಿಲ್ಲ. ನಿಮ್ಮ ತಂದೆಯವರಿಗೆ ಮೊದಲ ಬಾರಿ ಮಾತ್ರೆ ಕೊಟ್ಟ ವೈದ್ಯರ ಮನಸ್ಸಿನಲ್ಲಿ ಬಹುಶಃ ಇದೇ ಇತ್ತು. ಆದರೆ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳು ಕಳೆದ ಮೇಲೆ, ಹೊಲಿಗೆಯ ಗೆರೆಯನ್ನು ಬಿಟ್ಟು ಪೆಟ್ಟಿಗೆಯ ಮೂಲೆಯ ಮೇಲೆ, ಎರಡು ಬಾರಿ ಮರುಕಳಿಸಿದ್ದನ್ನು ಆ ವರ್ಗಕ್ಕೆ ಸೇರಿಸಲು ಸಾಧ್ಯವಿಲ್ಲ.

ಇನ್ನು ದೇಹವು ಲೋಹವನ್ನು ಒಪ್ಪುತ್ತಿಲ್ಲ ಎಂಬ ಮಾತು. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸಬಹುದು, ಏಕೆಂದರೆ ಅದು ಇನ್ನೊಬ್ಬರ ಜೀವಂತ ಅಂಗಾಂಶ. ಪೇಸ್‌ಮೇಕರಿನ ಕವಚ ಟೈಟಾನಿಯಮ್‌ನದು, ತಂತಿಯ ಹೊದಿಕೆ ಸಿಲಿಕೋನ್ ಅಥವಾ ಪಾಲಿಯುರೆಥೇನ್‌ನದು. ಇವುಗಳನ್ನು ದೇಹ ತಿರಸ್ಕರಿಸುವುದಿಲ್ಲ, ತೆಳುವಾದ ನಾರಿನ ಪೊರೆಯೊಂದನ್ನು ಸುತ್ತಿ ತನ್ನೊಳಗೆ ಇರಿಸಿಕೊಳ್ಳುತ್ತದೆ. ಈ ವಸ್ತುಗಳಿಗೆ ನಿಜವಾದ ಅಲರ್ಜಿ ಇರುವವರು ಅತ್ಯಂತ ವಿರಳ, ಸೋಂಕಿಲ್ಲವೆಂದು ಖಚಿತವಾದ ಮೇಲಷ್ಟೇ ಆ ಕಡೆ ಯೋಚಿಸುವುದು ಕ್ರಮ. ಒಂಬತ್ತು ವರ್ಷ ಅದೇ ವಸ್ತುಗಳೊಂದಿಗೆ ತೊಂದರೆಯಿಲ್ಲದೆ ಬದುಕಿದವರಿಗೆ ಈಗ ದಿಢೀರನೆ ಅಲರ್ಜಿಯಾಗಿದೆ ಎನ್ನುವುದು ಹೊಂದಿಕೆಯಾಗುವ ವಿವರಣೆಯಲ್ಲ. ಈ ನಂಬಿಕೆಯನ್ನು ನಾನು ಇಷ್ಟು ಗಟ್ಟಿಯಾಗಿ ಅಲ್ಲಗಳೆಯಲು ಕಾರಣವಿದೆ: ಅಲರ್ಜಿ ಎಂದು ಭಾವಿಸಿ ಮುಲಾಮು ಹಚ್ಚುತ್ತ ತಿಂಗಳುಗಟ್ಟಲೆ ಕಾದು, ಚಳಿಜ್ವರದೊಂದಿಗೆ ಬಂದು ಸೇರುವ ರೋಗಿಗಳನ್ನು ನಾವು ಇಂದಿಗೂ ಕಾಣುತ್ತಿದ್ದೇವೆ.

ಹಾಗಾದರೆ ಸೋಂಕು ಬಂದದ್ದೆಲ್ಲಿಂದ? ನೀವು ಕೊಟ್ಟಿರುವ ವಿವರಗಳಲ್ಲಿ ಮೂರು ಅಂಶಗಳು ಎದ್ದು ಕಾಣುತ್ತವೆ. ಮೊದಲನೆಯದು ಪೆಟ್ಟಿಗೆಯ ಬದಲಾವಣೆ. ಹೊಸದಾಗಿ ಸಾಧನ ಅಳವಡಿಸುವುದಕ್ಕಿಂತ ಹಳೆಯ ಪಾಕೆಟ್ಟನ್ನು ಮತ್ತೆ ತೆರೆಯುವುದು ಸಣ್ಣ ಕೆಲಸವಾಗಿ ಕಾಣುತ್ತದೆ, ಕಡಿಮೆ ಹೊತ್ತೂ ಹಿಡಿಯುತ್ತದೆ, ಆದರೆ ಸೋಂಕಿನ ಅಪಾಯ ಅದರಲ್ಲಿಯೇ ಹೆಚ್ಚು. ವರ್ಷಗಳಿಂದ ಗಟ್ಟಿಯಾದ ನಾರಿನ ಪೊರೆಗೆ ರಕ್ತಸಂಚಾರ ಕಡಿಮೆ, ಒಳಸೇರಿದ ಬ್ಯಾಕ್ಟೀರಿಯಾವನ್ನು ಅಲ್ಲಿ ದೇಹ ಸುಲಭವಾಗಿ ಎದುರಿಸಲಾರದು. ಮೊದಲ ಶಸ್ತ್ರಚಿಕಿತ್ಸೆಯಲ್ಲಿಯೇ ಸೇರಿ ಮಲಗಿದ್ದ ಕೆಲವು ಬ್ಯಾಕ್ಟೀರಿಯಾಗಳು ಆ ಜಾಗವನ್ನು ಕಲಕಿದಾಗ ಎಚ್ಚರಗೊಳ್ಳಲೂಬಹುದು. ಎರಡನೆಯದು ಮಧುಮೇಹ. ಅದರ ಜೊತೆಗೆ ಮೂತ್ರಪಿಂಡದ ವೈಫಲ್ಯ ಮತ್ತು ಸ್ಟೀರಾಯ್ಡ್ ಔಷಧಗಳೂ ಅಪಾಯವನ್ನು ಹೆಚ್ಚಿಸುವ ಅಂಶಗಳು, ಅವು ನಿಮ್ಮ ತಂದೆಯವರಿಗೆ ಅನ್ವಯಿಸುತ್ತವೆಯೇ ಎಂಬುದನ್ನು ನೀವು ಬರೆದಿಲ್ಲ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಮಾರನೆಯ ದಿನ ಕಂಡ ಊತ ಮತ್ತು ನೀಲಿ. ಪಾಕೆಟ್ಟಿನೊಳಗೆ ರಕ್ತ ಸೋರಿ ಹೆಪ್ಪುಗಟ್ಟಿದ್ದರಿಂದ ಹಾಗಾಗಿದೆ. ನಿಂತ ರಕ್ತ ಬ್ಯಾಕ್ಟೀರಿಯಾಗಳಿಗೆ ಆಹಾರವೂ ಹೌದು ಆಶ್ರಯವೂ ಹೌದು. ಕೆನಡಾ ಕೇಂದ್ರಿತ ಬ್ರೂಸ್ ಕಂಟ್ರೋಲ್ ಅಧ್ಯಯನದ ರೋಗಿಗಳನ್ನು ಮುಂದುವರಿದು ಗಮನಿಸಿದಾಗ, ಗಮನಾರ್ಹ ರಕ್ತಗಟ್ಟು ಆದವರಲ್ಲಿ ನಂತರದ ಒಂದು ವರ್ಷದೊಳಗೆ ಗಂಭೀರ ಸೋಂಕಿನ ಅಪಾಯ ಏಳು ಪಟ್ಟಿಗೂ ಹೆಚ್ಚಿತ್ತು. 2013ರಲ್ಲಿ ಪ್ರಕಟವಾದ ಅದೇ ಅಧ್ಯಯನದ ಮೊದಲ ಭಾಗ ಇನ್ನೊಂದು ರೂಢಿಯನ್ನೂ ಬದಲಿಸಿತು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯನ್ನು ನಿಲ್ಲಿಸಿ ಅದರ ಬದಲು ಅದೇ ಉದ್ದೇಶದ ಹೆಪಾರಿನ್ ಚುಚ್ಚುಮದ್ದು ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವುದೇ ಸುರಕ್ಷಿತವೆಂದು ಆವರೆಗೆ ನಂಬಿದ್ದೆವು. ಆದರೆ ಹಾಗೆ ಮಾಡಿದವರಲ್ಲಿ 16 ಶೇಕಡಾ ಮಂದಿಗೆ ರಕ್ತಗಟ್ಟು ಆಯಿತು, ವಾರ್ಫರಿನ್ ಮುಂದುವರಿಸಿಯೇ ಮಾಡಿದವರಲ್ಲಿ ಅದು 3.5 ಶೇಕಡಾ ಮಾತ್ರ. ಆದ್ದರಿಂದ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸಾಧನದ ಶಸ್ತ್ರಚಿಕಿತ್ಸೆಗೆ ಮುನ್ನ ತಾವಾಗಿಯೇ ಅದನ್ನು ನಿಲ್ಲಿಸಬಾರದು, ಏನು ಮಾಡಬೇಕೆಂದು ಶಸ್ತ್ರಚಿಕಿತ್ಸಕರನ್ನೇ ಕೇಳಬೇಕು. ಊದಿದ ಪಾಕೆಟ್ಟಿಗೆ ಸೂಜಿ ಹಾಕಿ ರಕ್ತ ಅಥವಾ ದ್ರವ ಹೀರಿಸುವುದಂತೂ ಬೇಡವೇ ಬೇಡ. ಅಲ್ಲಿಯವರೆಗೆ ಶುದ್ಧವಾಗಿದ್ದ ಜಾಗಕ್ಕೆ ಚರ್ಮದ ಮೇಲಿನ ಬ್ಯಾಕ್ಟೀರಿಯಾವನ್ನು ನಾವೇ ಒಯ್ದು ಬಿಡುವ ದಾರಿ ಅದು.

ಇಷ್ಟನ್ನು ಹೇಳಿದ ಮೇಲೆ ನಿಮ್ಮ ಆರೈಕೆಯ ಪ್ರಶ್ನೆಗೆ ಉತ್ತರ ಸುಲಭವಾಗುತ್ತದೆ. ಮೇಲಿನ ಮೂರರಲ್ಲಿ ಯಾವುದೂ ಮನೆಯವರ ಕೈಯಲ್ಲಿ ಇರಲಿಲ್ಲ. ಸ್ನಾನ ಬೇಗ ಮಾಡಿಸಿದೆವು, ಬಟ್ಟೆ ಉಜ್ಜಿತು, ಆ ಮಗ್ಗುಲಲ್ಲಿ ಮಲಗಿದರು ಎಂದೆಲ್ಲ ಕುಟುಂಬದವರು ತಮ್ಮನ್ನೇ ದೂಷಿಸಿಕೊಳ್ಳುವುದನ್ನು ನೋಡಿದ್ದೇನೆ. ಗಾಯ ಪೂರ್ತಿ ಕೂಡಿಕೊಂಡ ಮೇಲೆ ಇಂಥ ಕಾರಣಗಳಿಂದ ಪಾಕೆಟ್ಟಿಗೆ ಸೋಂಕು ಇಳಿಯುವುದಿಲ್ಲ. ಮೊದಲ ವಾರಗಳಲ್ಲಿ ತೋಳನ್ನು ಹೆಗಲಿಗಿಂತ ಮೇಲೆ ಎತ್ತಬೇಡಿ ಎಂದು ಹೊಸ ತಂತಿ ಹಾಕಿದವರಿಗೆ ನಾವು ಹೇಳುವುದು ಮುಖ್ಯವಾಗಿ ತಂತಿ ಜಾರದಿರಲೆಂದು. ಜಾರಿದರೆ ಪಾಕೆಟ್ಟನ್ನು ಮತ್ತೆ ತೆರೆಯಬೇಕಾಗುತ್ತದೆ, ಬೇಗನೆ ಮತ್ತೆ ತೆರೆದ ಪಾಕೆಟ್ಟಿಗೆ ಸೋಂಕಿನ ಅಪಾಯ ಹೆಚ್ಚು. ತೋಳಿಗೂ ಸೋಂಕಿಗೂ ಇರುವ ನಂಟು ಅಷ್ಟೇ.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ಔಷಧ ಮಾತ್ರ ಕೊಡುತ್ತ ಹೋಗುವುದು ಏಕೆ ಕೈಕೊಡುತ್ತದೆ ಎಂದು ಹೇಳಿದ್ದಾಯಿತು. ಎರಡನೆಯ ದಾರಿ ನೀವೇ ಕೇಳಿರುವುದು: ಪಾಕೆಟ್ಟನ್ನು ತೆರೆದು, ಶುಚಿಗೊಳಿಸಿ, ಅದೇ ಪೆಟ್ಟಿಗೆಯನ್ನೋ ಹೊಸದನ್ನೋ ಇನ್ನಷ್ಟು ಆಳದಲ್ಲಿ ಕೂರಿಸಿ, ತಂತಿಗಳನ್ನು ಉಳಿಸಿಕೊಳ್ಳುವುದು. ಇದು ಹಿಂದೆ ಬಹಳ ರೂಢಿಯಲ್ಲಿತ್ತು, ಈಗಲೂ ಅಲ್ಲಲ್ಲಿ ನಡೆಯುತ್ತದೆ. ಹೊರನೋಟಕ್ಕೆ ಎಲ್ಲವೂ ಶುದ್ಧವಾದಂತೆ ಕಂಡರೂ ತಂತಿಯ ಮೇಲಿನ ಬಯೋಫಿಲ್ಮ್ ಹಾಗೆಯೇ ಉಳಿಯುವುದರಿಂದ ಬಹುಪಾಲು ರೋಗಿಗಳಲ್ಲಿ ಸೋಂಕು ಹಿಂತಿರುಗುತ್ತದೆ, ಕೆಲವರಲ್ಲಿ ಈ ಬಾರಿ ರಕ್ತದ ಮೂಲಕವೇ. ಅಷ್ಟರಲ್ಲಿ ತಂತಿಗಳು ಇನ್ನಷ್ಟು ಹಳೆಯದಾಗಿರುತ್ತವೆ, ರೋಗಿ ಇನ್ನಷ್ಟು ದುರ್ಬಲರಾಗಿರುತ್ತಾರೆ. ಪೆಟ್ಟಿಗೆಯನ್ನು ತೆಗೆದು ತಂತಿಗಳನ್ನು ಕತ್ತರಿಸಿ ಒಳಗೇ ಬಿಟ್ಟುಬಿಡುವುದು ಇನ್ನೂ ಕೆಟ್ಟದ್ದು. ಕತ್ತರಿಸಿದ ತುದಿ ಒಳಕ್ಕೆ ಸರಿದರೆ ಮುಂದೆ ಅದನ್ನು ತೆಗೆಯುವುದು ಬಹಳ ಕಷ್ಟವಾಗುತ್ತದೆ.

ಮೂರನೆಯದು ಪೂರ್ತಿ ತೆಗೆಯುವುದು. ಸೋಂಕು ಖಚಿತವಾದಾಗ ಪೆಟ್ಟಿಗೆ ಮತ್ತು ಎಲ್ಲ ತಂತಿಗಳನ್ನೂ ತೆಗೆಯಬೇಕೆಂಬುದು ಇಂದು ಅಮೆರಿಕ ಮತ್ತು ಯುರೋಪಿನ ಹೃದ್ರೋಗ ತಜ್ಞರ ಸಂಘಗಳ ಒಮ್ಮತದ ಶಿಫಾರಸು, ಸೋಂಕು ಪಾಕೆಟ್ಟಿಗೆ ಸೀಮಿತವೆಂದು ಕಂಡರೂ ಅದೇ. ಇದರ ಅಪಾಯಗಳನ್ನು ಮುಚ್ಚಿಡದೆ ಹೇಳಬೇಕು. ವರ್ಷಗಳು ಕಳೆದಂತೆ ತಂತಿಗಳು ರಕ್ತನಾಳದ ಒಳಗೋಡೆಗೂ ಹೃದಯದ ಸ್ನಾಯುವಿಗೂ ನಾರಿನ ಅಂಗಾಂಶದಿಂದ ಬೆಸೆದುಕೊಂಡಿರುತ್ತವೆ. ಸುಮ್ಮನೆ ಎಳೆದರೆ ಬರುವುದಿಲ್ಲ. ತಂತಿಯ ಮೇಲೆಯೇ ಕೊಳವೆಯಂಥ ಉಪಕರಣವನ್ನು ಹಾಯಿಸಿ, ಲೇಸರ್‌ನಿಂದಲೋ ತಿರುಗುವ ಅಲಗಿನಿಂದಲೋ ಆ ಬೆಸುಗೆಯನ್ನು ಇಷ್ಟಿಷ್ಟೇ ಬಿಡಿಸುತ್ತ ಹೋಗಬೇಕು. ಆಗ ಹೃದಯಕ್ಕೆ ಬರುವ ದೊಡ್ಡ ರಕ್ತನಾಳ ಅಥವಾ ಹೃದಯದ ಗೋಡೆ ಹರಿಯುವುದು ಇದರ ಅತ್ಯಂತ ಗಂಭೀರ ತೊಡಕು, ಕವಾಟಕ್ಕೆ ಪೆಟ್ಟಾಗುವುದು ಇನ್ನೊಂದು. 3,500ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಎಲೆಕ್ಟ್ರಾ ಎಂಬ ಯುರೋಪಿನ ದಾಖಲಾತಿಯಲ್ಲಿ ಗಂಭೀರ ತೊಡಕು ಆದವರು 1.7 ಶೇಕಡಾ, ಚಿಕಿತ್ಸೆಯ ಕಾರಣದಿಂದಲೇ ಸಾವು ಸಂಭವಿಸಿದ್ದು 0.5 ಶೇಕಡಾ. ತಂತಿ ಹಳೆಯದಾದಷ್ಟೂ ಅಪಾಯ ಹೆಚ್ಚು. ವರ್ಷಕ್ಕೆ ಬೆರಳೆಣಿಕೆಯಷ್ಟು ಮಾತ್ರ ಮಾಡುವ ಕೇಂದ್ರಗಳಿಗಿಂತ ಹೆಚ್ಚು ಮಾಡುವ ಕೇಂದ್ರಗಳಲ್ಲಿ ಫಲಿತಾಂಶ ಉತ್ತಮ.

ಈ ಸಂಖ್ಯೆಗಳನ್ನು ಇನ್ನೊಂದು ಬದಿಯ ಸಂಖ್ಯೆಗಳ ಜೊತೆಗಿಟ್ಟು ನೋಡಬೇಕು. ಸಾಧನದ ಸೋಂಕು ಹೃದಯದ ಒಳಪದರಕ್ಕೆ ತಲುಪಿದ ರೋಗಿಗಳನ್ನು ಕುರಿತು 2012ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಗೆ ಸೇರಿದಾಗಲೇ ಸಾಧನ ತೆಗೆಸಿಕೊಂಡವರಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರು ಸುಮಾರು 20 ಶೇಕಡಾ, ತೆಗೆಸಿಕೊಳ್ಳದವರಲ್ಲಿ ಸುಮಾರು 38 ಶೇಕಡಾ. ತೀರಾ ಅಶಕ್ತರಾದವರಿಗೆ ತೆಗೆಯುವ ಚಿಕಿತ್ಸೆ ಮಾಡಲು ಹಿಂಜರಿಯುವುದೂ ಈ ವ್ಯತ್ಯಾಸದಲ್ಲಿ ಸ್ವಲ್ಪ ಪಾಲು ಪಡೆದಿರಬಹುದು, ಅದನ್ನು ಒಪ್ಪಿಕೊಂಡರೂ ಅಂತರ ದೊಡ್ಡದೇ. ನಿಮ್ಮ ತಂದೆಯವರ ಸೋಂಕು ಸದ್ಯಕ್ಕೆ ಆ ಹಂತದಲ್ಲಿ ಇರುವಂತಿಲ್ಲ. ತೆಗೆಯುವುದರ ಅಪಾಯ ಅತ್ಯಂತ ಕಡಿಮೆಯಿದ್ದು, ಅದರಿಂದ ಸಿಗುವ ಲಾಭ ಅತ್ಯಂತ ಹೆಚ್ಚಿರುವ ಕಾಲವೆಂದರೆ ಇದೇ. ನನಗೆ ನಿಜಕ್ಕೂ ನೋವು ತರುವ ಸಂಗತಿಯೆಂದರೆ, ಇದು ಗೊತ್ತಿದ್ದೂ ಚಿಕಿತ್ಸೆ ತಡವಾಗುತ್ತದೆ. ಅಮೆರಿಕದ ಹಿರಿಯ ನಾಗರಿಕರ ವಿಮಾ ದಾಖಲೆಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಧನವನ್ನು ತೆಗೆದದ್ದು ಸೋಂಕಾದ ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ. ತೆಗೆದವರಲ್ಲಿ, ಅದರಲ್ಲೂ ಮೊದಲ ಆರು ದಿನಗಳೊಳಗೆ ತೆಗೆದವರಲ್ಲಿ, ಸಾವಿನ ಪ್ರಮಾಣ ಕಡಿಮೆಯಿತ್ತು.

ನಾಲ್ಕನೆಯದೊಂದು ದಾರಿಯೂ ಇದೆ. ಬೇರೆ ಕಾಯಿಲೆಗಳಿಂದ ಅತ್ಯಂತ ದುರ್ಬಲರಾಗಿ ಯಾವುದೇ ಶಸ್ತ್ರಚಿಕಿತ್ಸೆಯನ್ನು ತಾಳಲಾರದವರಿಗೆ, ಅಥವಾ ವಿಷಯವನ್ನು ಪೂರ್ತಿ ತಿಳಿದೂ ಬೇಡವೆಂದು ನಿರ್ಧರಿಸಿದವರಿಗೆ, ಬದುಕಿರುವಷ್ಟು ಕಾಲ ಆ್ಯಂಟಿಬಯೋಟಿಕ್ ಮಾತ್ರೆ ಕೊಟ್ಟು ಸೋಂಕನ್ನು ಅದುಮಿಡಲು ಪ್ರಯತ್ನಿಸಬಹುದು. ಅದರಿಂದ ಸೋಂಕು ಗುಣವಾಗುವುದಿಲ್ಲ, ಯಾವಾಗ ಬೇಕಾದರೂ ಕೈಮೀರಬಹುದು. ನಡೆದಾಡುತ್ತಿರುವ, ಬೇರೆ ರೀತಿಯಲ್ಲಿ ಆರೋಗ್ಯವಾಗಿರುವ 71 ವರ್ಷದವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಒಪ್ಪಿಕೊಂಡರೆ ಮುಂದೆ ನಡೆಯುವುದೇನು ಎಂಬುದನ್ನೂ ತಿಳಿದುಕೊಂಡಿರಿ. ಇನ್ನೊಂದು ಸುತ್ತು ಆ್ಯಂಟಿಬಯೋಟಿಕ್ ಆರಂಭಿಸುವ ಮೊದಲು ರಕ್ತದ ಕಲ್ಚರ್ ಪರೀಕ್ಷೆಗೆ ಕನಿಷ್ಠ ಎರಡು ಬಾರಿ ರಕ್ತ ತೆಗೆಯಬೇಕು. ಔಷಧ ಒಳಹೋದ ಮೇಲೆ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು, ಆಗ ಯಾವ ಬ್ಯಾಕ್ಟೀರಿಯಾ ಎಂಬುದೂ ಯಾವ ಔಷಧ ಹಿಡಿಯುತ್ತದೆ ಎಂಬುದೂ ತಿಳಿಯುವುದಿಲ್ಲ. ಅನ್ನನಾಳದ ಮೂಲಕ ಮಾಡುವ ಎಕೋ ಪರೀಕ್ಷೆಯಲ್ಲಿ ತಂತಿಯ ಮೇಲೆ ಅಥವಾ ಕವಾಟದ ಮೇಲೆ ಸೋಂಕಿನ ಗಂಟುಗಳಿವೆಯೇ ಎಂದು ನೋಡುತ್ತಾರೆ. ಇಷ್ಟಾದ ಮೇಲೂ ಸಂದೇಹ ಉಳಿದರೆ ಪೆಟ್ ಸಿಟಿ ಸ್ಕ್ಯಾನ್ ನೆರವಾಗುತ್ತದೆ. ತೆಗೆದ ನಂತರ, ಸೋಂಕು ಪಾಕೆಟ್ಟಿಗೆ ಸೀಮಿತವಾಗಿದ್ದರೆ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಆ್ಯಂಟಿಬಯೋಟಿಕ್ ಸಾಕು, ಕವಾಟಕ್ಕೆ ತಗುಲಿದ್ದರೆ ನಾಲ್ಕರಿಂದ ಆರು ವಾರ ಬೇಕು. ವೈದ್ಯರನ್ನು ಭೇಟಿಯಾದಾಗ ಮೂರು ವಿಷಯಗಳನ್ನು ನೇರವಾಗಿ ಕೇಳಿ: ಆ ತಂಡ ಇಂಥ ಹಳೆಯ ತಂತಿಗಳನ್ನು ನಿಯಮಿತವಾಗಿ ತೆಗೆಯುತ್ತದೆಯೇ, ತೆಗೆಯುವ ಹೊತ್ತಿನಲ್ಲಿ ಎದೆಯನ್ನು ತಕ್ಷಣ ತೆರೆಯಬಲ್ಲ ಹೃದಯ ಶಸ್ತ್ರಚಿಕಿತ್ಸಕರು ಸಿದ್ಧವಾಗಿರುತ್ತಾರೆಯೇ, ತೆಗೆದ ಮೇಲೆ ಹೃದಯ ಬಡಿತವನ್ನು ಹೇಗೆ ಕಾಯುತ್ತಾರೆ. ಅನುಭವಿ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಅಲ್ಲಿ ಈ ವ್ಯವಸ್ಥೆ ಇಲ್ಲವೆಂದಾದರೆ ಇರುವಲ್ಲಿಗೆ ಕಳುಹಿಸಿಕೊಡಲು ಕೇಳುವುದರಲ್ಲಿ ಸಂಕೋಚ ಬೇಡ.

ಬಡಿತದ ಪ್ರಶ್ನೆಗೆ ಉತ್ತರ, ಅವರ ಹೃದಯ ಪೇಸ್‌ಮೇಕರನ್ನು ಎಷ್ಟರ ಮಟ್ಟಿಗೆ ಅವಲಂಬಿಸಿದೆ ಎಂಬುದರ ಮೇಲಿದೆ. ಪೂರ್ತಿ ಅವಲಂಬಿಸಿದ್ದರೆ ಕತ್ತಿನ ರಕ್ತನಾಳದ ಮೂಲಕ ತಾತ್ಕಾಲಿಕ ತಂತಿಯೊಂದನ್ನು ಹಾಕಿ ಹೊರಗಿನ ಪೆಟ್ಟಿಗೆಗೆ ಜೋಡಿಸುತ್ತಾರೆ, ಆ ದಿನಗಳಲ್ಲಿ ರೋಗಿ ಎದ್ದು ಕೂರಬಹುದು, ವಾರ್ಡಿನಲ್ಲಿ ನಡೆದಾಡಬಹುದು. ರಕ್ತದ ಕಲ್ಚರ್ ಕನಿಷ್ಠ 72 ಗಂಟೆ ಶುದ್ಧವಾಗಿ ಉಳಿದ ಮೇಲೆ ಹೊಸ ಸಾಧನವನ್ನು ಎದೆಯ ಇನ್ನೊಂದು ಬದಿಗೆ ಅಳವಡಿಸುವುದು ವಾಡಿಕೆ. ಅದಕ್ಕೂ ಮೊದಲು ಸಾಧನ ಈಗಲೂ ಬೇಕೇ ಎಂಬುದನ್ನು ಹೊಸದಾಗಿ ವಿಚಾರಿಸಬೇಕು, ಏಕೆಂದರೆ ತೆಗೆಸಿಕೊಂಡವರಲ್ಲಿ ಗಣನೀಯ ಪಾಲಿನವರಿಗೆ ಮತ್ತೆ ಅಳವಡಿಸುವ ಅಗತ್ಯ ಬೀಳುವುದಿಲ್ಲ. ಬೇಕೆಂದಾದರೆ ತಂತಿಯಿಲ್ಲದ ಪೇಸ್‌ಮೇಕರ್ ಸಾಧ್ಯವೇ ಎಂದು ಕೇಳಿ. ತೊಡೆಸಂದಿನ ರಕ್ತನಾಳದ ಮೂಲಕ ಸಾಗಿಸಿ ಹೃದಯದ ಒಳಗೇ ನೆಡುವ ಸಣ್ಣ ಗುಳಿಗೆಯಾಕಾರದ ಸಾಧನವದು, ಪಾಕೆಟ್ಟೂ ಇಲ್ಲ, ತಂತಿಯೂ ಇಲ್ಲ, ಸೋಂಕು ಬಹಳ ಅಪರೂಪ. ಎಲ್ಲರಿಗೂ ಹೊಂದುವುದಿಲ್ಲ, ಬ್ಯಾಟರಿ ಮುಗಿದಾಗ ಸುಲಭವಾಗಿ ಬದಲಿಸಲೂ ಆಗುವುದಿಲ್ಲ. ಮತ್ತೆ ಮಾಮೂಲಿ ಪೇಸ್‌ಮೇಕರನ್ನೇ ಹಾಕುವುದಾದರೆ, ಆ್ಯಂಟಿಬಯೋಟಿಕ್ ಲೇಪಿಸಿದ, ಕೆಲವು ವಾರಗಳಲ್ಲಿ ಕರಗಿಹೋಗುವ ಬಲೆಯ ಚೀಲದೊಳಗೆ ಪೆಟ್ಟಿಗೆಯನ್ನಿಟ್ಟು ಅಳವಡಿಸುವ ವಿಧಾನವಿದೆ. ಸುಮಾರು 7,000 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ರ‍್ಯಾಪ್ ಇಟ್ ಅಧ್ಯಯನದಲ್ಲಿ ಒಂದು ವರ್ಷದೊಳಗಿನ ಗಂಭೀರ ಸೋಂಕು ಈ ಚೀಲ ಬಳಸಿದವರಲ್ಲಿ 0.7 ಶೇಕಡಾ, ಬಳಸದವರಲ್ಲಿ 1.2 ಶೇಕಡಾ ಇತ್ತು. ಅಪಾಯ ಕಡಿಮೆ ಇರುವವರಿಗೆ ಇದರ ಪ್ರಯೋಜನ ಅಲ್ಪ, ನಿಮ್ಮ ತಂದೆಯವರಂಥವರಿಗೆ ಬಳಸುವುದರಲ್ಲಿ ಅರ್ಥವಿದೆ.

ಕೊನೆಯದಾಗಿ ಹಲ್ಲು. ಈ ಸೋಂಕು ಹಲ್ಲು ಕಿತ್ತಿದ್ದರಿಂದ ಬಂದಿರುವುದು ತೀರಾ ಅಸಂಭವ. ಬಾಯಿಯಲ್ಲಿ ಇರುವ ಬ್ಯಾಕ್ಟೀರಿಯಾಗಳು ಬೇರೆ ಜಾತಿಯವು, ಅವು ಪಾಕೆಟ್ಟಿನ ಸೋಂಕಿಗೆ ಕಾರಣವಾಗುವುದು ಅಪರೂಪ. ಪೇಸ್‌ಮೇಕರ್ ಇದೆ ಎಂಬ ಒಂದೇ ಕಾರಣಕ್ಕೆ ಹಲ್ಲಿನ ಚಿಕಿತ್ಸೆಗೆ ಮುನ್ನ ಆ್ಯಂಟಿಬಯೋಟಿಕ್ ಬೇಕಿಲ್ಲ ಎಂದು ಅಮೆರಿಕದ ಹೃದ್ರೋಗ ಸಂಘ 2010ರಲ್ಲಿಯೇ ಸ್ಪಷ್ಟಪಡಿಸಿದೆ. ಕೀಳಬೇಕಾದ ಇನ್ನೊಂದು ಹಲ್ಲಿನ ವಿಷಯವನ್ನು ಮಾತ್ರ ಹೃದ್ರೋಗ ತಜ್ಞರಿಗೆ ಈಗಲೇ ತಿಳಿಸಿ, ಹೊಸ ಸಾಧನ ಅಳವಡಿಸುವ ಮೊದಲೇ ಅದನ್ನು ಮುಗಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿ, ಕೀವು ಇರುವ ಹಲ್ಲಾದರೆ ಇದು ಇನ್ನೂ ಮುಖ್ಯ. ಒಂದು ಸಂದರ್ಭದಲ್ಲಿ ಈ ಉತ್ತರ ಬದಲಾಗುತ್ತದೆ. ಈಗಿನ ಪರೀಕ್ಷೆಗಳಲ್ಲಿ ಸೋಂಕು ಕವಾಟಕ್ಕೆ ತಲುಪಿದೆ ಎಂದು ಕಂಡುಬಂದರೆ, ಗುಣವಾದ ನಂತರವೂ ಅವರು ಹೃದಯದ ಒಳಪದರದ ಸೋಂಕು ಆಗಿ ಹೋದವರ ಸಾಲಿಗೆ ಸೇರುತ್ತಾರೆ. ಅಂಥವರಿಗೆ ಹಲ್ಲು ಕೀಳುವುದಕ್ಕೂ ಒಸಡಿನ ಚಿಕಿತ್ಸೆಗೂ ಮುನ್ನ ಒಂದು ಬಾರಿಯ ಆ್ಯಂಟಿಬಯೋಟಿಕ್ ಅಗತ್ಯ. ಆ ಸಂಗತಿಯನ್ನು ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಪತ್ರದಲ್ಲಿ ಬರೆಸಿಕೊಂಡು, ಮುಂದೆ ಪ್ರತಿ ಬಾರಿಯೂ ದಂತವೈದ್ಯರಿಗೆ ತೋರಿಸಬೇಕು.